ಊರಿಗೆ ಬಂದ ಉಪ್ಪನ ಮೂವತ್ತು ದಿನ

ನಮ್ಮ ಊರುಗಳಲ್ಲಿ ಯಾರ ಮನೆಗೆ ಗಲ್ಫಿನಿಂದ ಜನ ಬರ್ತಾರೆ ಅಂತ ಕೇಳಿ ತಿಳಿಯಬೇಕಾಗಿಲ್ಲ. ಕಿಟಕಿಯ ಪರದೆಗಳೆಲ್ಲ ಒಟ್ಟಿಗೆ ಅಂಗಳದ ತಂತಿ ಮೇಲೆ ಒಣಗುತ್ತಿದ್ದರೆ, ಮೀನಿನವನನ್ನು ನಿಲ್ಲಿಸಿ "ನಾಡಿದ್ದು ಒಳ್ಳೆ ಅಂಜಲ್ ಇದ್ರೆ ನಮಗೇ ಇಡಿ" ಅಂತ ಹೇಳಿಟ್ಟರೆ, ಪತ್ತಿರಿಗೆಂದು ಮಿಲ್ಲಿನಿಂದ ಅಕ್ಕಿ ಹಿಟ್ಟು ಬಂದರೆ ವಿಷಯ ಗೊತ್ತಾಯಿತು ಅಂತಲೇ ಲೆಕ್ಕ. ಮದ್ರಸದಲ್ಲಿ ನಮಗೆ ಅದು ಇನ್ನೂ ಮೊದಲೇ ತಿಳಿಯುತ್ತದೆ. ಮಗು ಕಿತಾಬು ತೆರೆಯುವ ಮೊದಲೇ ಹೇಳಿಬಿಡುತ್ತದೆ: "ಉಸ್ತಾದ್, ನಾಡಿದ್ದು ನಂಗೆ ರಜೆ ಬೇಕು. ಉಪ್ಪ ಬರ್ತಾರೆ."

ಆ ಮುಖದ ಬೆಳಕನ್ನು ನಾವು ವರ್ಷವರ್ಷವೂ ನೋಡುತ್ತೇವೆ. ಒಂದು ತಿಂಗಳ ನಂತರ ಅದೇ ಮಗು ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತದ್ದನ್ನೂ ನೋಡುತ್ತೇವೆ. ಬಂದವರು ಹೋಗಲೇಬೇಕು, ಅದು ಯಾರ ಕೈಯಲ್ಲೂ ಇಲ್ಲ. ಆದರೆ ಬಂದ ದಿನಗಳು ಹೇಗೆ ಹೋದವು ಎಂಬುದು ನಮ್ಮ ಕೈಯಲ್ಲಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಯಾರು ಹೆಚ್ಚು ಕಾದರೋ ಅವರಿಗೇ ಕಡಿಮೆ ಸಿಗುತ್ತದೆ. ಹೆಂಡತಿ, ಮಕ್ಕಳು, ಮುದಿ ಉಮ್ಮ, ಈ ಮೂವರ ಪಾಲಿನ ದಿನಗಳನ್ನು ಉಳಿದ ನಾವೆಲ್ಲ ಸೇರಿ ತಿಂದುಬಿಡುತ್ತೇವೆ. ಈ ವಾರ ಅದರ ಬಗ್ಗೆಯೇ ಸ್ವಲ್ಪ ಮಾತಾಡುವ.

ಇಪ್ಪತ್ತು ವರ್ಷದ ಲೆಕ್ಕ

ಯುಎಇಯ ಕಾರ್ಮಿಕ ಕಾನೂನಿನಂತೆ ಒಂದು ವರ್ಷ ದುಡಿದವನಿಗೆ 30 ದಿನದ ರಜೆ. ಸೌದಿಯಲ್ಲಿ ಮೊದಲ ಐದು ವರ್ಷ 21 ದಿನ, ಆಮೇಲೆ 30 ದಿನ. ಇದು ಕಾಗದದ ಮಾತು. ಬಕಾಲದಲ್ಲಿ, ಕೆಫೆಟೇರಿಯಾದಲ್ಲಿ, ಬಟ್ಟೆ ಅಂಗಡಿಯಲ್ಲಿ ಕೂತವರು ಟಿಕೆಟಿನ ಖರ್ಚು ನೋಡಿ, ಬದಲಿಗೆ ನಿಲ್ಲುವ ಜನ ನೋಡಿ, ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುವುದೇ ಹೆಚ್ಚು. ಹಾಗೆ ಇಪ್ಪತ್ತು ವರ್ಷ ದುಡಿದವರು ಹತ್ತು ಸಲ ಊರಿಗೆ ಬರುತ್ತಾರೆ. ಹತ್ತು ಸಲಕ್ಕೆ ಎರಡು ತಿಂಗಳಂತೆ ಇಪ್ಪತ್ತು ತಿಂಗಳು. ಮದುವೆಯಾಗಿ ಇಪ್ಪತ್ತು ವರ್ಷ, ಹೆಂಡತಿ ಜೊತೆ ಒಂದೇ ಮಾಡಿನ ಅಡಿಯಲ್ಲಿ ಇದ್ದದ್ದು ಎರಡು ವರ್ಷವೂ ಪೂರ್ತಿ ಆಗಲಿಲ್ಲ. ತಿಂಗಳಿಗೊಮ್ಮೆ ಬರುವ ಹಣದ ಲೆಕ್ಕ ನಾವೆಲ್ಲ ಇಡುತ್ತೇವೆ. ಈ ಲೆಕ್ಕ ಇಡುವವರು ಕಡಿಮೆ.

"ಈಗ ವೀಡಿಯೊ ಕಾಲ್ ಉಂಟಲ್ಲ" ಅಂತ ಕೆಲವರು ಹೇಳ್ತಾರೆ. ಉಂಟು, ಅಲ್ಲಾಹನ ಅನುಗ್ರಹ. ಆದರೆ ಗಡಿಯಾರವನ್ನೂ ನೋಡಬೇಕು. ಸೌದಿಗೂ ನಮಗೂ ಎರಡೂವರೆ ಗಂಟೆಯ ವ್ಯತ್ಯಾಸ. ಇಲ್ಲಿ ಬೆಳಿಗ್ಗೆ ಏಳಕ್ಕೆ ಮಗು ಮದ್ರಸಕ್ಕೆ ಬಂದು ಕೂರುವಾಗ ರಿಯಾದಿನಲ್ಲಿ ನಾಲ್ಕೂವರೆ. ಅಲ್ಲಿ ಅಂಗಡಿ ಮುಚ್ಚಿ ರಾತ್ರಿ ಹನ್ನೊಂದಕ್ಕೆ ರೂಮಿಗೆ ಬರುವಾಗ ಇಲ್ಲಿ ಒಂದೂವರೆ, ಮಗು ನಿದ್ದೆಯಲ್ಲಿ. ದುಬೈಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಬೋಟಿಮ್ ಹಾಕಿಕೊಳ್ಳಬೇಕು. ಉಳಿಯುವುದು ಶುಕ್ರವಾರ ಬೆಳಿಗ್ಗೆ ಒಂದೇ. ನಮ್ಮಲ್ಲಿ ಮದ್ರಸಕ್ಕೆ ರಜೆ, ಅಲ್ಲಿ ಜುಮುಅ ತನಕ ಸ್ವಲ್ಪ ಬಿಡುವು. ಆ ಅರ್ಧ ಗಂಟೆಯಲ್ಲಿ ಅಜ್ಜಿಯ ಮೊಣಕಾಲು ನೋವಿನಿಂದ ಹಿಡಿದು ಕರೆಂಟ್ ಬಿಲ್ಲಿನ ತನಕ ಎಲ್ಲವೂ ಮುಗಿಯಬೇಕು. ಮಗುವಿನ ಕೈಗೆ ಫೋನ್ ಸಿಗುವಾಗ "ಸಲಾಂ ಹೇಳು, ಚೆಂದ ಓದ್ತೇನೆ ಅಂತ ಹೇಳು" ಎಂಬಲ್ಲಿಗೆ ಮಾತು ಮುಗಿದಿರುತ್ತದೆ.

ಹಡಗಿನಿಂದ ವಿಮಾನದ ತನಕ

ಈ ಕಾಯುವಿಕೆ ನಮಗೆ ಹೊಸತಲ್ಲ. ನಮ್ಮ ಹಿರಿಯರು ಮೊದಲು ಬೊಂಬಾಯಿಗೆ ಬಸ್ಸಿನಲ್ಲಿ ಹೋಗಿ, ಊರಿನವರ ರೂಮಿನಲ್ಲಿ ಚಾಪೆ ಹಾಸಿ ವೀಸಾಕ್ಕೆ ಕಾದು, ಅಲ್ಲಿಂದ ಹಡಗು ಹತ್ತಿದವರು. ಆಗ ಸುದ್ದಿ ಎಂದರೆ ಕಾಗದ. ಓದಲು ಬಾರದ ಉಮ್ಮಂದಿರು ಪಕ್ಕದ ಮನೆಯ ಶಾಲೆ ಮಗುವನ್ನೋ ಮಸೀದಿಯ ಉಸ್ತಾದರನ್ನೋ ಕರೆದು ಓದಿಸುತ್ತಿದ್ದರು. ಮನೆ ಒಳಗಿನ ಮಾತು ಹೊರಗಿನವರ ಬಾಯಿಯಲ್ಲಿ ಕೇಳಬೇಕಿತ್ತು. ಆಮೇಲೆ ಕ್ಯಾಸೆಟ್ ಬಂತು. ಯಾರಾದರೂ ಊರಿಗೆ ಹೊರಟರೆ ಅವರ ಕೈಯಲ್ಲಿ ದನಿ ತುಂಬಿಸಿ ಕಳಿಸುವುದು. ಟೇಪ್ ರೆಕಾರ್ಡರಿನ ಸುತ್ತ ಇಡೀ ಮನೆ ಕೂತು ಕೇಳಿದ್ದನ್ನು ಈಗ ಐವತ್ತು ದಾಟಿದವರಲ್ಲಿ ವಿಚಾರಿಸಿ ನೋಡಿ, ಕಣ್ಣು ಒದ್ದೆ ಮಾಡಿಕೊಂಡೇ ಹೇಳ್ತಾರೆ.

1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಬೊಂಬಾಯಿ ಹತ್ತಿರವಾಯಿತು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಹಾರಿತು. ಅಲ್ಲಿ ರಾತ್ರಿ ಊಟ ಮಾಡಿ ಹೊರಟವನು ಬೆಳಿಗ್ಗಿನ ಚಹಾಕ್ಕೆ ಉಮ್ಮನ ಎದುರು ಕೂರುವಂತಾಯಿತು. ದಾರಿ ಹತ್ತಿರವಾದರೂ ಕಾಯುವವರ ಎದೆಬಡಿತ ಕಡಿಮೆಯಾಗಲಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಹೋದರು, ಬದುಕಿದವರು ಎಂಟೇ ಮಂದಿ. ಕರೆತರಲು ಹೋದ ಮನೆಯವರು ನಿಲ್ದಾಣದ ಹೊರಗೇ ನಿಂತಿದ್ದರು. 2020ರಲ್ಲಿ ಕೊರೊನಾ ಬಂದು ವಿಮಾನಗಳೇ ನಿಂತವು. ಮೇ ತಿಂಗಳಲ್ಲಿ ಮಂಗಳೂರಿಗೆ ವಿಶೇಷ ವಿಮಾನ ಬಂದಾಗಲೂ, ಇಳಿದವರು ನೇರ ಮನೆಗೆ ಬರುವ ಹಾಗಿರಲಿಲ್ಲ, ಕ್ವಾರಂಟೈನಿನಲ್ಲಿ ಕೂರಬೇಕಿತ್ತು. ಊರಿಗೆ ಬಂದೂ ಮನೆ ಮುಟ್ಟದ ಆ ದಿನಗಳು ಒಂದು ಪಾಠ ಕಲಿಸಬೇಕಿತ್ತು. ಮನೆಯವರು ಮನೆ ಮುಟ್ಟುವುದೆಂದರೆ ಸಣ್ಣ ವಿಷಯ ಅಲ್ಲ.

ದಿನಗಳು ಎಲ್ಲಿ ಹೋಗ್ತವೆ?

ಮೂವತ್ತು ದಿನದ ರಜೆಯಲ್ಲಿ ಬಂದ ಒಬ್ಬರು ಹೊರಡುವ ಮುಂಚಿನ ಶುಕ್ರವಾರ ಜುಮುಅ ಮುಗಿಸಿ ಮಸೀದಿಯ ಜಗಲಿಯಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹೇಳಿದರು. ಮೊದಲ ಮೂರು ದಿನ ನೋಡಲು ಬಂದವರ ಜೊತೆ. ಐದು ದಿನ ಮದುವೆಗಳಿಗೆ. ಒಂದು ಮದುವೆಗೆ ಹೋಗಿ ಇನ್ನೊಂದಕ್ಕೆ ಹೋಗದಿದ್ದರೆ ಮಾತು ಬರ್ತದೆ. ನಾಲ್ಕು ದಿನ ಬ್ಯಾಂಕು, ಆಧಾರ್, ಜಾಗದ ಕಾಗದ. ಮೂರು ದಿನ ಉಮ್ಮನನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ. ಆರು ದಿನ ಮನೆ ಮಾಡಿನ ಕೆಲಸ, ಮಳೆಗೆ ಮೊದಲು ಮುಗಿಯಬೇಕಿತ್ತು. ನಾಲ್ಕು ದಿನ ಊಟದ ಕರೆ. ಕಡೆಯ ಮೂರು ದಿನ ಪೆಟ್ಟಿ ಕಟ್ಟುವ ಕೆಲಸ, ಹೇಳಿಬರುವ ತಿರುಗಾಟ. ಇಪ್ಪತ್ತೆಂಟು ಆಯಿತು. "ಉಳಿದ ಎರಡು ದಿನದಲ್ಲಿ ಒಂದು ದಿನ ನಂಗೆ ಜ್ವರ ಉಸ್ತಾದ್" ಅಂತ ಅವರು ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಬಂದು ಯೋಚಿಸಿದಾಗ ಅದು ನಗುವ ಲೆಕ್ಕ ಅನ್ನಿಸಲಿಲ್ಲ.

ಊಟದ ಕರೆಯ ವಿಷಯವೇ ನೋಡಿ. ಕರೆಯುವವರದ್ದು ಪ್ರೀತಿಯೇ. ನೈಚೋರು, ಕೋಳಿ, ಮೇಲಿಂದ ಪತ್ತಿರಿ, ಪುಡ್ಡಿಂಗ್. ಅವನು ಅಲ್ಲಿ ಮೆಸ್ಸಿನಲ್ಲಿ ಬಿರಿಯಾನಿ, ಖುಬ್ಬೂಸ್ ತಿಂದು ಸಾಕಾಗಿ ಬಂದವನು. ಅವನಿಗೆ ಬೇಕಾದ್ದು ಉಮ್ಮ ಬಡಿಸುವ ಕುಚ್ಚಲಕ್ಕಿ ಗಂಜಿ, ಒಂದು ತುಂಡು ಒಣಮೀನು, ಬೂತಾಯಿಯ ಖಾರದ ಸಾರು. ಅದನ್ನು ಬಾಯಿ ಬಿಟ್ಟು ಹೇಳಿದರೆ ಕರೆದವರಿಗೆ ಬೇಜಾರ. ಹಾಗಾಗಿ ಅವನು ಹೊಸ ಶರ್ಟು ಹಾಕಿ ಮನೆಯಿಂದ ಮನೆಗೆ ತಿರುಗುತ್ತಾನೆ. ಉಮ್ಮ ಮಾಡಿಟ್ಟ ಗಂಜಿ ಮುಚ್ಚಿದ ಪಾತ್ರೆಯಲ್ಲೇ ತಣ್ಣಗಾಗುತ್ತದೆ.

ಮತ್ತೊಂದು ವಿಷಯ ಎರಡು ಮನೆಯದ್ದು. ಗಂಡ ಹೊರದೇಶದಲ್ಲಿರುವಾಗ ಹೆಂಡತಿ ಮಕ್ಕಳೊಟ್ಟಿಗೆ ತವರಿನಲ್ಲಿ ಇರುವುದು ನಮ್ಮಲ್ಲಿ ಮಾಮೂಲು. ಬಂದವನು ಮೊದಲು ಯಾವ ಮನೆಗೆ ಹೋಗಬೇಕು? ವಿಮಾನ ಇಳಿಯುವ ಮೊದಲೇ ಇದು ಎರಡೂ ಕಡೆ ಚರ್ಚೆಯಾಗಿರುತ್ತದೆ. ಒಂದು ರಾತ್ರಿಯ ಊಟ ಅಲ್ಲೋ ಇಲ್ಲೋ ಅಂತ ಎರಡು ಮನೆಯ ಹೆಂಗಸರು ತಿಂಗಳಾನುಗಟ್ಟಲೆ ಮಾತು ಬಿಟ್ಟದ್ದನ್ನೂ ನಾವು ಕಂಡಿದ್ದೇವೆ. ಎರಡೂ ಕಡೆಯ ಹಿರಿಯರು ಸೇರಿ ಮೊದಲೇ ಒಂದು ಮಾತು ಆಡಿಬಿಟ್ಟರೆ ಸಾಕು. ಹೆಂಡತಿ ಮಕ್ಕಳೇ ಉಮ್ಮನ ಮನೆಗೆ ಬಂದು ನಿಂತರೆ ಬಂದವನು ಎರಡು ತುಂಡಾಗುವುದಿಲ್ಲ.

ಕಡೆಯ ಬೆಂಚಿನಲ್ಲಿ ಕೂತ ಉಪ್ಪ

ಹಿಂದಿನ ವರ್ಷ ನಮ್ಮ ಎರಡನೇ ತರಗತಿಯ ಹುಡುಗನೊಬ್ಬನ ಉಪ್ಪ ಮೂರು ವರ್ಷದ ನಂತರ ಊರಿಗೆ ಬಂದಿದ್ದರು. ಬಂದು ನಾಲ್ಕನೇ ದಿನ ಬೆಳಿಗ್ಗೆ ಮದ್ರಸಕ್ಕೆ ಬಂದರು. ಮುಅಲ್ಲಿಮರಿಗೆಲ್ಲ ಸಲಾಂ ಹೇಳಿ, ಖರ್ಜೂರದ ಪೊಟ್ಟಣ ಕೊಟ್ಟು, ಹೊರಡುತ್ತಾರೆ ಅಂದುಕೊಂಡೆವು. ಅವರು ಚಪ್ಪಲಿ ಬಿಚ್ಚಿ ಒಳಗೆ ಬಂದು ಕಡೆಯ ಬೆಂಚಿನಲ್ಲಿ ಕೂತರು. "ಮಗ ಓದುವುದನ್ನು ಒಮ್ಮೆ ಕೇಳಬೇಕಿತ್ತು" ಅಂದರು. "ಮನೆಯಲ್ಲೇ ಓದಿಸಬಹುದಿತ್ತಲ್ಲ?" ಅಂತ ನಾವು ಕೇಳಿದ್ದಕ್ಕೆ ತಗ್ಗಿದ ದನಿಯಲ್ಲಿ ಹೇಳಿದರು: "ಮನೆಯಲ್ಲಿ ಜನ ಮುಗಿಯುವುದಿಲ್ಲ ಉಸ್ತಾದ್. ಅವನಿಗೂ ನನ್ನ ಹತ್ತಿರ ಬರ್ಲಿಕ್ಕೆ ನಾಚಿಕೆ. ಉಮ್ಮನ ಹಿಂದೆಯೇ ನಿಲ್ತಾನೆ."

ಹುಡುಗನನ್ನು ಎದ್ದು ನಿಲ್ಲಿಸಿದೆವು. ಫಾತಿಹಾ ಓದಿದ, ಆಮೇಲೆ ಸಣ್ಣ ಎರಡು ಸೂರಾ. ಮೊದಲು ದನಿ ನಡುಗಿತು, ನಂತರ ಸರಿಯಾಯಿತು. ಉಪ್ಪ ನೆಲ ನೋಡುತ್ತಾ ಕೂತಿದ್ದರು. ಮುಗಿದ ಮೇಲೆ ಹುಡುಗ ತಾನಾಗಿಯೇ ಹಿಂದೆ ನಡೆದು ಅವರ ಪಕ್ಕ ಕೂತ. ಮರುದಿನದಿಂದ ಅವರು ಮಗನನ್ನು ಕೈ ಹಿಡಿದು ನಡೆಸಿಕೊಂಡೇ ಮದ್ರಸಕ್ಕೆ ತರುತ್ತಿದ್ದರು. ಮನೆಯಲ್ಲಿ ಬೈಕ್ ಇತ್ತು, ಆದರೂ ನಡಿಗೆಯೇ. ಹತ್ತು ನಿಮಿಷದ ದಾರಿ, ಹೋಗುವಾಗ ಹತ್ತು, ಬರುವಾಗ ಹತ್ತು. ತಿಂಗಳ ಕಡೆಗೆ ಹುಡುಗ ಆ ದಾರಿಯಲ್ಲಿ ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವ ಮರದ ಮಾವು ಸಿಹಿ ಅಂತ ಉಪ್ಪನಿಗೆ ಪಾಠ ಹೇಳುವಷ್ಟು ಹತ್ತಿರವಾಗಿದ್ದ. ಆ ಇಪ್ಪತ್ತು ನಿಮಿಷಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಇದು ನಮಗೆ ಸುನ್ನತ್ತಿನ ನೆನಪನ್ನೂ ತಂದಿತು. ಪ್ರವಾದಿಯವರು (ಸ) ಪ್ರಯಾಣದಿಂದ ಮರಳುವಾಗ ಅವರನ್ನು ಎದುರುಗೊಳ್ಳಲು ಕುಟುಂಬದ ಮಕ್ಕಳನ್ನು ಕರೆದೊಯ್ಯುತ್ತಿದ್ದರೆಂದೂ, ಅವರು ಆ ಮಕ್ಕಳನ್ನು ತನ್ನ ವಾಹನದ ಮೇಲೆ ಹಿಂದೆ ಮುಂದೆ ಕೂರಿಸಿಕೊಂಡು ಮದೀನಾ ಪ್ರವೇಶಿಸುತ್ತಿದ್ದರೆಂದೂ ಅಬ್ದುಲ್ಲಾಹಿಬ್ನು ಜಅಫರ್ (ರ) ಅವರ ವರದಿಯಲ್ಲಿದೆ. ಬಂದವರ ಮೇಲೆ ಮೊದಲ ಹಕ್ಕು ಮಕ್ಕಳದ್ದು ಎಂದು ಇದಕ್ಕಿಂತ ಚೆಂದವಾಗಿ ತೋರಿಸುವುದು ಹೇಗೆ? ಪ್ರಯಾಣದ ಕೆಲಸ ಮುಗಿದ ಕೂಡಲೇ ಮನೆಯವರ ಬಳಿಗೆ ಬೇಗ ಮರಳಬೇಕು ಎಂದೂ ಅವರು ಕಲಿಸಿದ್ದಾರೆ. ದೀರ್ಘ ಕಾಲ ದೂರವಿದ್ದವರು ತಿಳಿಸದೆ ರಾತ್ರಿ ಹೊತ್ತು ಮನೆಗೆ ನುಗ್ಗಬಾರದು, ಮನೆಯಾಕೆಗೆ ಸಿದ್ಧವಾಗಲು ಸಮಯ ಸಿಗಬೇಕು ಎಂಬ ಸೂಕ್ಷ್ಮವೂ ಹದೀಸಿನಲ್ಲಿದೆ. ಈಗ ಕೆಲವು ಯುವಕರು ಯಾರಿಗೂ ಹೇಳದೆ ಬಂದು, ಉಮ್ಮ ಬೆಚ್ಚಿ ಅಳುವುದನ್ನು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ಉಮ್ಮನ ಕಣ್ಣೀರು ಊರಿನವರು ನೋಡಲಿಕ್ಕಾ? ಮೊದಲೇ ಹೇಳಿ ಬನ್ನಿ. ಕಾಯುವುದರಲ್ಲೂ ಒಂದು ಸಂತೋಷ ಉಂಟು, ಅದನ್ನು ಅವರಿಂದ ಕಸಿಯಬೇಡಿ.

ಪೆಟ್ಟಿಯ ಭಾರ

ಇನ್ನು ಪೆಟ್ಟಿಯ ವಿಷಯ. ಹಾಲಿನ ಪುಡಿ, ಟ್ಯಾಂಗ್, ಪಿಸ್ತಾ, ಟೈಗರ್ ಬಾಮ್, ಸಾಬೂನು, ಅತ್ತರು, ಕಂಬಳಿ. ಈಗ ಇದೆಲ್ಲ ಮಂಗಳೂರಿನ ಅಂಗಡಿಗಳಲ್ಲೇ ಸಿಗ್ತದೆ, ಆದರೂ ಗಲ್ಫಿನ ಪೆಟ್ಟಿಯಿಂದ ಬಂದದ್ದಕ್ಕೇ ಒಂದು ಪರಿಮಳ ಅಂತ ನಮ್ಮವರ ಭಾವನೆ. ಉಡುಗೊರೆ ಕೊಡುವುದು ಒಳ್ಳೆಯದೇ. ಆದರೆ "ನಮಗೆಂತ ತಂದೆ?" ಎಂಬ ಮಾತು ಸಲಾಮಿನ ಹಿಂದೆಯೇ ಬರುವಾಗ ಅದು ಬಂದವನಿಗೆ ಹೇಗೆ ಕೇಳಿಸ್ತದೆ ಅಂತ ಯೋಚಿಸಿದ್ದೇವಾ? ಹತ್ತಿರದ ಎಂಟು ಮನೆ, ಹೆಂಡತಿ ಕಡೆಯ ಆರು ಮನೆ, ಗೆಳೆಯರು, ನೆರೆಹೊರೆ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಜೀವಮಾನದ ದೂರು. ಹಾಗಾಗಿ ರೂಮಿನವರ ಹತ್ತಿರ ಸಾಲ ಮಾಡಿ ಪೆಟ್ಟಿ ತುಂಬಿಸುತ್ತಾರೆ. ವಾಪಸ್ ಹೋಗಿ ತಿಂಗಳುಗಟ್ಟಲೆ ಆ ಸಾಲ ತೀರಿಸುತ್ತಾರೆ.

ಅದಕ್ಕಿಂತ ದೊಡ್ಡ ನಷ್ಟ ಬೇರೆ ಉಂಟು. ಪೆಟ್ಟಿ ತುಂಬಿಸಲು ಆಗದವರು ಬರುವುದನ್ನೇ ಮುಂದೂಡುತ್ತಾರೆ. ಈ ಸಲ ಕೆಲಸ ಸರಿಯಿಲ್ಲ, ಮುಂದಿನ ಪೆರ್ನಾಲಿಗೆ ಬರುವ, ಅಂತ ಹೇಳ್ತಾ ವರ್ಷ ದಾಟಿಸುತ್ತಾರೆ. ನಮ್ಮ ಜಮಾಅತಿನ ಒಬ್ಬ ಉಮ್ಮ ಐದು ವರ್ಷ ಹೀಗೆ ಕಾದರು. ಕಡೆಗೆ ಒಂದು ಶುಕ್ರವಾರ ಫೋನಿನಲ್ಲಿ ಹೇಳಿದರಂತೆ: "ಮಗಾ, ನಂಗೆ ಎಂತದೂ ಬೇಡ. ನಿನ್ನ ಪಾಸ್‌ಪೋರ್ಟ್ ಒಂದು ಕಿಸೆಯಲ್ಲಿ ಹಾಕಿ ಬಾ." ಮಗ ಒಂದು ಕೈಚೀಲದಲ್ಲಿ ಬಂದ. ಉಮ್ಮ ಬಾಗಿಲಲ್ಲೇ ನಿಂತು, ನೋಡಲು ಬಂದವರಿಗೆಲ್ಲ ತಾನೇ ಮೊದಲು ಹೇಳಿಬಿಟ್ಟರು: "ಅವನು ಎಂತ ತರಲಿಲ್ಲ, ನಾನೇ ಬೇಡ ಹೇಳಿದ್ದು." ಆ ಒಂದು ಮಾತಿನಿಂದ ಮಗನ ತಲೆ ಮೇಲೆ ಉಳಿಯಿತು. ಆ ಉಮ್ಮ ಈಗ ಇಲ್ಲ. ಅವರು ಹಾಗೆ ಹೇಳದಿದ್ದರೆ ಮಗ ಮಯ್ಯತ್ತಿನ ಫೋಟೋ ನೋಡಬೇಕಾಗುತ್ತಿತ್ತೋ ಏನೋ.

ನಮ್ಮ ಮನೆಗಳ ಎಲ್ಲ ಹಿರಿಯ ಹೆಂಗಸರು ಹೀಗೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರೆ ಎಷ್ಟೋ ಮಕ್ಕಳು ಒಂದು ವರ್ಷ ಮೊದಲೇ ಊರಿಗೆ ಬರ್ತಾರೆ.

ಮನೆ ನಡೆಸಿದವಳ ಪಾಲು

ಗಂಡ ಇಲ್ಲದ ಎರಡು ವರ್ಷ ಮನೆ ನಡೆಸಿದ್ದು ಯಾರು? ಶಾಲೆಯ ಫೀಸು, ಮಗುವಿನ ಜ್ವರ, ಅತ್ತೆಯ ಮದ್ದು, ಪಂಪ್ ಹಾಳಾದರೆ ಮೆಕ್ಯಾನಿಕ್, ಗ್ಯಾಸ್, ಪೋಷಕರ ಸಭೆ, ಎಲ್ಲವೂ ಅವಳದ್ದೇ ತಲೆಗೆ. ಖಲೀಫಾ ಉಮರ್ (ರ) ಅವರು ರಾತ್ರಿ ಮದೀನಾದ ಬೀದಿಯಲ್ಲಿ ನಡೆಯುವಾಗ, ಗಂಡ ಯುದ್ಧಕ್ಕೆ ಹೋಗಿ ಒಂಟಿಯಾದ ಹೆಣ್ಣೊಬ್ಬಳ ನೋವಿನ ದನಿ ಕೇಳಿ, ಮಗಳು ಹಫ್ಸಾ (ರ) ಅವರಲ್ಲಿ ವಿಚಾರಿಸಿ, ಸೈನಿಕರನ್ನು ಮನೆಯಿಂದ ದೂರ ಇಡುವುದಕ್ಕೆ ಅವಧಿ ನಿಗದಿ ಮಾಡಿದ್ದು ನಮ್ಮ ಗ್ರಂಥಗಳಲ್ಲಿ ಬರುತ್ತದೆ. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ನಮ್ಮ ಹೆಣ್ಣುಮಕ್ಕಳು ಎರಡು ವರ್ಷ ದೂರಿಲ್ಲದೆ ಕಾಯುತ್ತಾರೆ.

ಬಂದವನು ಮೊದಲ ವಾರವೇ "ಕಳಿಸಿದ ದುಡ್ಡು ಎಂತಾಯ್ತು?" ಅಂತ ಲೆಕ್ಕದ ಪುಸ್ತಕ ತೆರೆದರೆ ಆ ತಿಂಗಳು ಕೆಟ್ಟಿತು ಅಂತಲೇ. ಲೆಕ್ಕ ಕೇಳಬೇಡಿ ಅಂತ ನಾವು ಹೇಳುವುದಿಲ್ಲ, ಲೆಕ್ಕಕ್ಕೆ ಒಂದು ಸಮಯ ಉಂಟು. ಮೊದಲು ಅವಳು ಎರಡು ವರ್ಷ ಯಾರಿಗೂ ಹೇಳದೆ ಇಟ್ಟ ಮಾತುಗಳನ್ನು ಕೇಳಬೇಕು. ಅದಕ್ಕೆ ಮನೆಯಲ್ಲಿ ಸ್ವಲ್ಪ ಮೌನ ಬೇಕು, ಬಾಗಿಲು ಹಾಕಿದ ಒಂದು ಕೋಣೆ ಬೇಕು. ನೋಡಲು ಬರುವ ನಾವು ರಾತ್ರಿ ಹನ್ನೊಂದರ ತನಕ ಹಾಲಿನಲ್ಲಿ ಕೂತರೆ ಅದು ಸಿಗುವುದು ಹೇಗೆ?

ಎಂತ ಮಾಡಬಹುದು?

ದೊಡ್ಡ ಕೆಲಸ ಏನಿಲ್ಲ. ಬರುವ ತಾರೀಖು ಗೊತ್ತಾದ ಕೂಡಲೇ ಮನೆಯವರು ಕ್ಯಾಲೆಂಡರಿನಲ್ಲಿ ಮೊದಲ ಮೂರು ದಿನಕ್ಕೆ ಗೀಟು ಹಾಕಲಿ. ಆ ಮೂರು ದಿನ ಮನೆಯವರದ್ದೇ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮೊದಲೇ ಹಾಕಿಬಿಡಿ: "ನಾಲ್ಕನೇ ದಿನ ಅಸರ್ ನಂತರ ಎಲ್ಲರೂ ಬನ್ನಿ." ಯಾರೂ ಬೇಜಾರ ಮಾಡುವುದಿಲ್ಲ. ಒಬ್ಬರು ಶುರು ಮಾಡಿದರೆ ಅದೇ ರೂಢಿಯಾಗುತ್ತದೆ.

ಬ್ಯಾಂಕು, ಕಚೇರಿಯ ಕೆಲಸಕ್ಕೆ ಬೇಕಾದ ಕಾಗದಗಳನ್ನು ತಮ್ಮನೋ ಭಾವನೋ ಮೊದಲೇ ತಯಾರು ಮಾಡಿಡಲಿ. ಬಂದವನು ಸಹಿ ಮಾತ್ರ ಹಾಕಿದರೆ ಸಾಕು ಎಂಬಂತಿದ್ದರೆ ನಾಲ್ಕು ದಿನದ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಊಟಕ್ಕೆ ಕರೆಯುವ ಸಂಬಂಧಿಕರು ಎಂಟು ಮನೆಯವರು ಒಟ್ಟಾಗಿ ಒಂದೇ ದಿನ ಒಂದೇ ಕಡೆ ಇಟ್ಟುಕೊಳ್ಳಲಿ. ಎಲ್ಲರನ್ನೂ ನೋಡಿದ ಹಾಗೂ ಆಯಿತು, ಏಳು ರಾತ್ರಿ ಉಳಿದ ಹಾಗೂ ಆಯಿತು.

ಮಕ್ಕಳ ಜೊತೆ ಒಂದು ದಿನ ಪಿಲಿಕುಳಕ್ಕೋ ಪಣಂಬೂರು ಕಡಲಿಗೋ ಹೋಗಿ, ಉಮ್ಮನನ್ನೂ ಕರೆದುಕೊಂಡು ಒಂದು ದಿನ ಉಳ್ಳಾಲಕ್ಕೆ ಝಿಯಾರತ್ತಿಗೆ ಹೋಗಿ. ಕಾರಿನಲ್ಲಿ ಗೆಳೆಯರನ್ನು ತುಂಬಿಸಬೇಡಿ. ಒಂದು ದಿನ ಮದ್ರಸಕ್ಕೂ ಬನ್ನಿ. ನಿಮ್ಮ ಮಗು ಯಾವ ಬೆಂಚಿನಲ್ಲಿ ಕೂರುತ್ತದೆ, ಅದರ ಗೆಳೆಯ ಯಾರು ಅಂತ ನಿಮಗೆ ಗೊತ್ತಿದ್ದರೆ, ಅಲ್ಲಿ ಹೋಗಿ ಫೋನು ಮಾಡುವಾಗ ಕೇಳಲು ಒಂದು ಪ್ರಶ್ನೆ ಇರುತ್ತದೆ. "ಚೆಂದ ಓದ್ತಿಯಾ?" ಎಂಬುದಕ್ಕೆ ಮಗು ಹೂಂ ಅಂತ ಮಾತ್ರ ಹೇಳುತ್ತದೆ. "ಪಕ್ಕದಲ್ಲಿ ಕೂರುವ ನಿನ್ನ ಗೆಳೆಯನ ಕೈ ಸರಿಯಾಯ್ತಾ?" ಅಂತ ಕೇಳಿದರೆ ಹತ್ತು ನಿಮಿಷ ಮಾತಾಡುತ್ತದೆ.

ಹೊರಡುವ ದಿನದ ಬಗ್ಗೆಯೂ ಒಂದು ಮಾತು. ಮಗು ನಿದ್ದೆಯಲ್ಲಿರುವಾಗ ಹೋಗಿಬಿಟ್ಟರೆ ಅಳುವುದಿಲ್ಲ ಅಂತ ಕೆಲವರು ಹಾಗೆ ಮಾಡ್ತಾರೆ. ಎದ್ದ ಮೇಲೆ ಕೋಣೆ ಕೋಣೆ ಹುಡುಕುವ ಮಗುವನ್ನು ಅವರು ನೋಡುವುದಿಲ್ಲ. ಮರುದಿನ ಮದ್ರಸದಲ್ಲಿ ನಾವು ನೋಡುತ್ತೇವೆ. ಎಬ್ಬಿಸಿ, ಹೇಳಿ ಹೋಗಿ. ಅತ್ತರೂ ಪರವಾಗಿಲ್ಲ. ಹೇಳಿ ಹೋದವರು ಬರ್ತಾರೆ ಎಂಬ ನಂಬಿಕೆ ಮಗುವಿಗೆ ಉಳಿಯುತ್ತದೆ.

ನಿಮ್ಮ ಮನೆಗೆ ಈ ವರ್ಷ ಯಾರಾದರೂ ಬರುವವರಿದ್ದರೆ ಈ ಪುಟವನ್ನು ಮಡಚಿಟ್ಟು, ಬರುವ ವಾರದಲ್ಲಿ ಒಮ್ಮೆ ಮನೆಯವರೆಲ್ಲ ಓದಿ. ನೆರೆಮನೆಗೆ ಬರುವವರಿದ್ದರೆ ಮೂರು ದಿನ ತಡೆದು ಸಲಾಂ ಹೇಳಲು ಹೋಗಿ. ದೂರದಲ್ಲಿ ದುಡಿಯುವ ನಮ್ಮ ಎಲ್ಲ ಸಹೋದರರನ್ನು ಅಲ್ಲಾಹನು ಆರೋಗ್ಯದಿಂದ ಮನೆ ತಲುಪಿಸಲಿ, ಅವರು ತಲುಪಿದ ಮನೆಯಲ್ಲಿ ಅವರಿಗಾಗಿ ಸ್ವಲ್ಪ ಬಿಡುವೂ ಇರಲಿ. ಆಮೀನ್.